ಹೃದಯದ ಲೆಕ್ಕ ಮನೆಯಲ್ಲೇ ಇರಲಿ

 

ನಾನು ವೈದ್ಯನಲ್ಲ, ಭಾಷೆ ಕಲಿಸುವ ಶಿಕ್ಷಕ. ಉರ್ದುವಿನ ‘ದಿಲ್’, ಕನ್ನಡದ ‘ಹೃದಯ’ ಎರಡೂ ನನ್ನ ತರಗತಿಯಲ್ಲಿ ದಿನವೂ ಬರುತ್ತವೆ. ಕವಿಗಳ ಹೃದಯ ಅರಳುತ್ತದೆ, ಕರಗುತ್ತದೆ, ಒಡೆಯುತ್ತದೆ. ಇಂದು ನಾನು ಮಾತನಾಡುವುದು ಮುಷ್ಟಿಯಷ್ಟು ದೊಡ್ಡದಾದ, ಸ್ನಾಯುವಿನಿಂದಾದ ಹೃದಯದ ಬಗ್ಗೆ. ಇದು ದಿನಕ್ಕೆ ಸುಮಾರು 1 ಲಕ್ಷ ಬಾರಿ ಬಡಿಯುತ್ತದೆ. ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತವನ್ನು ಮುಂದಕ್ಕೆ ನೂಕುತ್ತದೆ.

ಈ ಸ್ನಾಯುವಿಗೆ ಎರಡು ಕೆಲಸ: ಹಿಂಡುವುದು ಮತ್ತು ಸಡಿಲಗೊಳ್ಳುವುದು. ಹಿಂಡಿದಾಗ ರಕ್ತ ಹೊರಹೋಗುತ್ತದೆ, ಸಡಿಲವಾದಾಗ ತುಂಬಿಕೊಳ್ಳುತ್ತದೆ. ಆರೋಗ್ಯವಂತ ಹೃದಯದ ಎಡಭಾಗದ ಕೆಳಕೋಣೆ ತನ್ನಲ್ಲಿ ತುಂಬಿದ ರಕ್ತದ ಸುಮಾರು ಶೇ. 55ರಿಂದ 70ರಷ್ಟನ್ನು ಪ್ರತಿ ಬಡಿತಕ್ಕೂ ಹೊರನೂಕುತ್ತದೆ. ಎಕೋ ವರದಿಯಲ್ಲಿ ‘ಇ.ಎಫ್.’ ಎಂದು ಬರೆಯುವುದು ಇದನ್ನೇ. ವಯಸ್ಸಾದ ಮಾತ್ರಕ್ಕೆ ಈ ಸಂಖ್ಯೆ ಹೆಚ್ಚು ಇಳಿಯುವುದಿಲ್ಲ. ಮೊದಲು ಕುಂದುವುದು ಸಡಿಲಗೊಳ್ಳುವ ಶಕ್ತಿ. ರಕ್ತನಾಳಗಳು ಗಡುಸಾಗುತ್ತವೆ, ಹೃದಯದ ಗೋಡೆ ದಪ್ಪವಾಗುತ್ತದೆ, ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ. ಆದ್ದರಿಂದ ಇ.ಎಫ್. ಸರಿಯಿದ್ದರೆ ಎಲ್ಲವೂ ಸರಿಯಿದೆ ಎಂದು ತಿಳಿಯಬಾರದು.

ರಕ್ತದೊತ್ತಡ, ಸಕ್ಕರೆ ಕಾಯಿಲೆ, ತಂಬಾಕು ಸೇರಿದರೆ ಈ ಬದಲಾವಣೆ ಬೇಗ ಬರುತ್ತದೆ. ಹೃದಯಾಘಾತದಲ್ಲಿ ಸತ್ತ ಸ್ನಾಯುವಂತೂ ಮತ್ತೆ ಬೆಳೆಯದೆ ಗಾಯದ ಕಲೆಯಂತೆ ಉಳಿದುಬಿಡುತ್ತದೆ.

ಇವೆಲ್ಲ ಆಸ್ಪತ್ರೆಗೆ ಬಂದ ರೋಗಿಗಳನ್ನು ಮಾತ್ರ ನೋಡಿ ತಿಳಿದ ಸಂಗತಿಗಳಲ್ಲ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಎಂಬ ಊರಿನಲ್ಲಿ 1948ರಲ್ಲಿ 5,209 ಸ್ತ್ರೀಪುರುಷರನ್ನು ಪರೀಕ್ಷಿಸಲು ತೊಡಗಿದರು. ಎರಡು ವರ್ಷಕ್ಕೊಮ್ಮೆ ಅದೇ ಜನರನ್ನು ಮತ್ತೆ ಕರೆದು ನೋಡಿದರು. ಮುಂದೆ ಅವರ ಮಕ್ಕಳು, ಮೊಮ್ಮಕ್ಕಳನ್ನೂ ಸೇರಿಸಿಕೊಂಡರು. ವಯಸ್ಸಾದವರಿಗೆ ರಕ್ತದೊತ್ತಡ ಏರುವುದು ಸಹಜ, ಅದರಿಂದ ತೊಂದರೆಯಿಲ್ಲ ಎಂಬ ಅಂದಿನ ನಂಬಿಕೆ ತಪ್ಪೆಂದು ಈ ಅಧ್ಯಯನ ತೋರಿಸಿತು.

ನಮಗೆ ಇನ್ನೂ ಹತ್ತಿರದ ಹೆಸರು ಡಾ. ಸಲೀಂ ಯೂಸುಫ್ ಅವರದು. ಕೇರಳದಲ್ಲಿ ಹುಟ್ಟಿ, ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಓದಿ, ರೋಡ್ಸ್ ವಿದ್ಯಾರ್ಥಿವೇತನ ಪಡೆದು ಆಕ್ಸ್‌ಫರ್ಡ್‌ಗೆ ಹೋದವರು. ಅವರ ನೇತೃತ್ವದಲ್ಲಿ 52 ದೇಶಗಳಲ್ಲಿ ನಡೆದ ‘ಇಂಟರ್‌ಹಾರ್ಟ್’ ಅಧ್ಯಯನ 2004ರಲ್ಲಿ ಪ್ರಕಟವಾಯಿತು. ಹೃದಯಾಘಾತದ ಅಪಾಯದ ಶೇ. 90ರಷ್ಟು ಒಂಬತ್ತು ಕಾರಣಗಳಿಂದ ಬರುತ್ತದೆ, ಅವುಗಳಲ್ಲಿ ಹೆಚ್ಚಿನವನ್ನು ತಡೆಯಬಹುದು ಎಂದು ಅದು ಹೇಳಿತು. ನಮ್ಮ ಭಾಗದ, ಅಂದರೆ ದಕ್ಷಿಣ ಏಷ್ಯಾದ ಜನರಿಗೆ ಮೊದಲ ಹೃದಯಾಘಾತ ಸುಮಾರು 53ನೇ ವಯಸ್ಸಿಗೇ ಬರುತ್ತದೆ. ಬೇರೆಡೆ ಸುಮಾರು 59ಕ್ಕೆ ಎಂದೂ ಇದರಿಂದ ತಿಳಿಯಿತು. ಮಗಳ ಮದುವೆ, ಮಗನ ಓದು ಇನ್ನೂ ಮುಗಿದಿರದ ವಯಸ್ಸು ಅದು.

ಈಗ ನಮ್ಮ ಊರುಗಳನ್ನು ನೋಡಿ. ರಾಮನಗರದ ರೀಲರ್ ಮುಂಜಾನೆಯೇ ಗೂಡಿನ ಮಾರುಕಟ್ಟೆಗೆ ಹೋಗುತ್ತಾನೆ. ಚನ್ನಪಟ್ಟಣದ ಬೊಂಬೆ ಕೆಲಸಗಾರ ದಿನವಿಡೀ ಕುಳಿತೇ ಇರುತ್ತಾನೆ. ಕನಕಪುರ, ಮಾಗಡಿಯ ರೈತನಿಗೆ ರೇಷ್ಮೆ ಹುಳು ಹಣ್ಣಾಗುವ ದಿನಗಳಲ್ಲಿ ನಿದ್ದೆಯಿಲ್ಲ. ಎದೆ ನೋವು ಬಂದ ಮೇಲೆಯೇ ಬೆಂಗಳೂರಿನ ಜಯದೇವ ಆಸ್ಪತ್ರೆಯ ನೆನಪು. ಮನೆಯ ಹೆಂಗಸರು ಆಯಾಸವನ್ನು ‘ಗ್ಯಾಸ್’ ಎಂದುಕೊಂಡು ಸುಮ್ಮನಾಗುತ್ತಾರೆ. ಸ್ನಾಯು ಮಾತ್ರ ವರ್ಷಗಳಿಂದ ಸದ್ದಿಲ್ಲದೆ ಬದಲಾಗುತ್ತಲೇ ಇರುತ್ತದೆ.

ವಿದ್ಯಾರ್ಥಿಗಳೇ, ನಿಮಗೊಂದು ಮನೆಪಾಠ. ಒಂದು ನೋಟ್‌ಪುಸ್ತಕ ತೆಗೆದುಕೊಳ್ಳಿ. ಮನೆಯಲ್ಲಿ 30 ದಾಟಿದವರಿಗೆಲ್ಲ ಒಂದೊಂದು ಪುಟ. ಅಬ್ಬಾ, ಅಮ್ಮಿ, ದಾದಿ, ನಾನಿ ಎಲ್ಲರನ್ನೂ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ. ಬಿ.ಪಿ., ಸಕ್ಕರೆ, ತೂಕ ದಿನಾಂಕದೊಂದಿಗೆ ಬರೆಯಿರಿ. ಆರು ತಿಂಗಳಿಗೊಮ್ಮೆ ಮತ್ತೆ ಬರೆಯಿರಿ. ಬಿ.ಪಿ. ಮತ್ತೆ ಮತ್ತೆ 140/90 ಮುಟ್ಟಿದರೆ ವೈದ್ಯರಿಗೆ ತೋರಿಸಿ. ಕೊಟ್ಟ ಮಾತ್ರೆಯನ್ನು ‘ಈಗ ಚೆನ್ನಾಗಿದ್ದೇನೆ’ ಎಂದು ಬಿಡಲು ಕೊಡಬೇಡಿ. ರಂಜಾನ್‌ಗೆ ಮುಂಚೆಯೇ ವೈದ್ಯರನ್ನು ಕೇಳಿ, ಮಾತ್ರೆಯನ್ನು ಸಹರಿ ಮತ್ತು ಇಫ್ತಾರ್ ವೇಳೆಗೆ ಹೊಂದಿಸಬಹುದೇ ಎಂದು ತಿಳಿಯಿರಿ. ಬೀಡಿ, ಗುಟ್ಕಾ ಬಿಡಿಸಿ. ಉಪ್ಪಿನಕಾಯಿ ಕಡಿಮೆ ಮಾಡಿಸಿ. ದಿನಕ್ಕೆ ಅರ್ಧ ಗಂಟೆ ನಡೆಸಿ. ಎದೆ ಹಿಂಡಿದಂತಾಗಿ ಬೆವರಿದರೆ ಸೋಡಾ ಕುಡಿಸಿ ಕಾಯಬೇಡಿ, ತಕ್ಷಣ 108ಕ್ಕೆ ಕರೆ ಮಾಡಿ.

ಓದು ಬಾರದ ಹಿರಿಯರ ಪರವಾಗಿ ಓದಬಲ್ಲ ಮಕ್ಕಳು ನಮ್ಮ ಮನೆಗಳಲ್ಲಿದ್ದಾರೆ. ಕಲಿತ ವಿದ್ಯೆ ಮೊದಲು ಮನೆಗೆ ಉಪಯೋಗವಾಗಲಿ ಎಂದು ಹಾರೈಸಿ ನನ್ನ ಮಾತು ಮುಗಿಸುತ್ತೇನೆ. ಖುದಾ ಹಾಫಿಜ್.