ಅಪ್ಪ ಎಷ್ಟು ದಿನ ಇರ್ತಾರೆ?



ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕಿದವರಿಗೆಲ್ಲ ಆ ಇಂಟರ್‌ವ್ಯೂ ಗೊತ್ತಿರುತ್ತೆ. ಗೇಟಿಗೆ ನೇತುಹಾಕಿದ ಟು ಲೆಟ್ ಬೋರ್ಡ್ ನೋಡಿ ಫೋನ್ ಮಾಡ್ತೀವಿ. ಯಾವ ಊರು, ಎಲ್ಲಿ ಕೆಲಸ, ನೀವು ಯಾವ ಜನ, ವೆಜ್ಜಾ ನಾನ್‌ವೆಜ್ಜಾ, ಮದುವೆ ಆಗಿದೆಯಾ, ಎಷ್ಟು ಜನ ಇರ್ತೀರಾ. ಕಂಪನಿಯವರು ಕೂಡ ಇಷ್ಟೊಂದು ಪ್ರಶ್ನೆ ಕೇಳಿರಲ್ಲ. ಎಲ್ಲ ಪಾಸಾಗಿ, ಅಡ್ವಾನ್ಸ್ ಮಾತಾಗಿ, ಇನ್ನೇನು ಬೀಗದ ಕೈ ನಮ್ಮ ಕೈಗೆ ಬರಬೇಕು ಅನ್ನೋವಾಗ ಕೊನೆಯದಾಗಿ ಒಂದು ಮಾತು ಬರುತ್ತೆ: "ಇನ್ನೊಂದು ವಿಷಯ. ಗೆಸ್ಟು ಗಿಸ್ಟು ಅಂತ ರಾತ್ರಿ ಯಾರನ್ನೂ ಉಳಿಸ್ಕೋಬಾರದು."

ನಾವು ತಲೆ ಆಡಿಸ್ತೀವಿ. ಆಗ ನಮಗೆ ಮನೆ ಬೇಕು, ಅಷ್ಟೇ.

ನಾನೂ ಹಾಗೇ ತಲೆ ಆಡಿಸಿದವನು. ಎಂಜಿನಿಯರಿಂಗ್ ಮುಗಿಸಿ ಮೊದಲ ಕೆಲಸಕ್ಕೆ ಸೇರಿದ್ದ ಸಮಯ. ಮೂರು ಜನ ಸ್ನೇಹಿತರು ಸೇರಿ ಮಹಡಿ ಮೇಲಿನ ಒಂದು ಮನೆ ಹಿಡಿದಿದ್ವಿ. ಕೆಳಗಡೆ ಓನರ್. ನಿವೃತ್ತರಾಗಿದ್ದರು, ಮಾತು ಒಳ್ಳೆಯದು, ಹಬ್ಬಕ್ಕೆ ಹೋಳಿಗೆ ಕಳಿಸೋರು. ಹತ್ತು ತಿಂಗಳ ಬಾಡಿಗೆ ಅಡ್ವಾನ್ಸ್ ಕೊಟ್ಟಿದ್ವಿ. ಮೂರೂ ಜನ ಮನೆಯವರ ಹತ್ತಿರ ಸಾಲ ಮಾಡಿ ತಂದ ದುಡ್ಡು ಅದು.

ಒಂದು ಸಲ ಊರಿಂದ ಅಪ್ಪ ಬಂದರು. ಎದೆ ನೋವು ಅಂದಿದ್ದಕ್ಕೆ ನಾನೇ ಒತ್ತಾಯ ಮಾಡಿ ಕರೆಸಿದ್ದೆ. ಮೊದಲ ದಿನ ಇಸಿಜಿ, ಎರಡನೇ ದಿನ ರಕ್ತಪರೀಕ್ಷೆ, ಎಕೋ. ಡಾಕ್ಟರ್ ಗುರುವಾರ ಸಿಗ್ತಾರೆ, ಅಲ್ಲಿವರೆಗೆ ಇರಿ ಅಂದರು. ಮೂರನೇ ದಿನ ಬೆಳಗ್ಗೆ ಹಾಲು ತರೋಕೆ ಇಳಿದಾಗ ಮೆಟ್ಟಿಲ ಹತ್ತಿರ ಓನರ್ ನಿಲ್ಲಿಸಿದರು.

"ಏನಪ್ಪಾ, ನಿಮ್ಮ ತಂದೆಯವರು ಇನ್ನೂ ಇದ್ದಾರಾ?"

"ಹೌದು ಅಂಕಲ್, ಆಸ್ಪತ್ರೆ ಕೆಲಸ ಇತ್ತು. ಇನ್ನೊಂದೆರಡು ದಿನ."

"ಇರಲಿ ಇರಲಿ. ಆದ್ರೆ ಮೊದಲೇ ಹೇಳಿದ್ನಲ್ಲ, ಮೂರು ಜನಕ್ಕೆ ಅಂತ ಕೊಟ್ಟಿರೋ ಮನೆ. ಸಂಪು ಖಾಲಿ ಆಗ್ತಿದೆ ನೋಡು."

"ಆಯ್ತು ಅಂಕಲ್."

ಅಷ್ಟೇ ನಡೆದಿದ್ದು. ಜಗಳ ಇಲ್ಲ, ಜೋರು ದನಿ ಇಲ್ಲ. ನಾನು ಮೇಲೆ ಬಂದಾಗ ಅಪ್ಪ ಬಾಗಿಲ ಹತ್ತಿರವೇ ನಿಂತಿದ್ದರು. ಕೇಳಿಸಿಕೊಂಡರಾ ಇಲ್ಲವಾ ಗೊತ್ತಾಗಲಿಲ್ಲ. ಆ ದಿನ ಅರ್ಧ ಬಕೆಟ್ ನೀರಲ್ಲಿ ಸ್ನಾನ ಮುಗಿಸಿದರು. ಸಂಜೆ ನಾನು ಆಫೀಸಿನಿಂದ ಬರುವಷ್ಟರಲ್ಲಿ ಬ್ಯಾಗ್ ಕಟ್ಟಿ ಕೂತಿದ್ದರು. "ಊರಲ್ಲಿ ಹಸು ಈಯೋ ಹಾಗಿದೆಯಂತೆ, ಅಮ್ಮ ಒಬ್ಬಳೇ ಕಷ್ಟ ಪಡ್ತಾಳೆ. ರಾತ್ರಿ ಬಸ್ಸಿಗೆ ಹೊರಡ್ತೀನಿ" ಅಂದರು. ಮೆಜೆಸ್ಟಿಕ್‌ಗೆ ಹೋಗಿ ಬಸ್ ಹತ್ತಿಸಿ ಬಂದೆ. ಮಾರನೇ ದಿನ ಅಮ್ಮನಿಗೆ ಫೋನ್ ಮಾಡಿ ಕೇಳಿದರೆ, ಹಸು ಈಯೋಕೆ ಇನ್ನೂ ಎರಡು ತಿಂಗಳಿತ್ತು.

ಗುರುವಾರದ ಡಾಕ್ಟರ್ ಭೇಟಿ ತಪ್ಪಿತು. ಮತ್ತೆ ಅಪಾಯಿಂಟ್‌ಮೆಂಟ್ ಸಿಕ್ಕಿದ್ದು ಮೂರು ವಾರದ ಮೇಲೆ. ಆ ಸಲ ಅಪ್ಪ ರಾತ್ರಿ ಬಸ್ಸಿಗೆ ಬಂದು, ಆಸ್ಪತ್ರೆ ಮುಗಿಸಿ, ಅದೇ ದಿನ ರಾತ್ರಿ ಬಸ್ಸಿಗೆ ವಾಪಸ್ ಹೋದರು. ದೇವರು ದೊಡ್ಡವನು, ಹೃದಯಕ್ಕೆ ಏನೂ ಆಗಿರಲಿಲ್ಲ. ಆಗಿದ್ದಿದ್ದರೆ? ಆ ಮೂರು ವಾರದ ಲೆಕ್ಕ ಯಾರು ಕೊಡ್ತಿದ್ರು?

ಇವತ್ತಿಗೂ ನನ್ನನ್ನ ಕಾಡೋದು ಓನರ್ ಅಂದ ಮಾತಲ್ಲ. ನಾನು ಅಂದ "ಆಯ್ತು ಅಂಕಲ್" ಅನ್ನೋ ಎರಡು ಪದ. "ಅಂಕಲ್, ಅವರು ನಮ್ಮ ತಂದೆ, ಚಿಕಿತ್ಸೆಗೆ ಬಂದಿದ್ದಾರೆ, ಗುರುವಾರದ ತನಕ ಇರ್ತಾರೆ" ಅಂತ ನಾನ್ಯಾಕೆ ಹೇಳಲಿಲ್ಲ? ಹೇಳೋಕೆ ಕಾನೂನು ಅಡ್ಡ ಇರಲಿಲ್ಲ. ಅಗ್ರಿಮೆಂಟಿನಲ್ಲಿ ಅತಿಥಿಗಳ ಬಗ್ಗೆ ಒಂದು ಸಾಲೂ ಇರಲಿಲ್ಲ. ಅಡ್ಡ ಇದ್ದಿದ್ದು ಒಂದೇ, ಅವರ ಕೈಯಲ್ಲಿದ್ದ ನಮ್ಮ ಹತ್ತು ತಿಂಗಳ ಅಡ್ವಾನ್ಸ್.

ಇವತ್ತು ನಾನು ಹೇಳಬೇಕು ಅಂತಿರೋ ಮಾತು ಇದೇ. ರಾತ್ರಿ ಅತಿಥಿಗಳ ರೂಲ್ ನಡೆಯೋದು ಅಡ್ವಾನ್ಸಿನ ಬಲದ ಮೇಲೆ, ಕಾನೂನಿನ ಬಲದ ಮೇಲಲ್ಲ.

ಹಾಗಂತ ಓನರ್‌ಗಳನ್ನೆಲ್ಲ ಖಳನಾಯಕರನ್ನಾಗಿ ಮಾಡಿ ಚಪ್ಪಾಳೆ ಗಿಟ್ಟಿಸೋ ಕಾರ್ಯಕ್ರಮ ಇದಲ್ಲ. ಅವರ ಮಾತನ್ನೂ ಕೇಳೋಣ. ಎಷ್ಟೋ ಜನ ಜೀವಮಾನದ ಉಳಿತಾಯ ಸುರಿದು ಮೂವತ್ತು–ನಲವತ್ತರ ಸೈಟಿನಲ್ಲಿ ಮನೆ ಕಟ್ಟಿಸಿರ್ತಾರೆ. ಮಹಡಿಯ ಬಾಡಿಗೆಯೇ ಅವರಿಗೆ ಪಿಂಚಣಿ. ಸಂಪು ಒಂದೇ, ಬೋರ್‌ವೆಲ್ ಒಂದೇ, ಪಂಪಿನ ಕರೆಂಟ್ ಬಿಲ್ಲೂ ಒಂದೇ. 2024ರ ಬೇಸಿಗೆ ನೆನಪಿಸಿಕೊಳ್ಳಿ. ಬೋರ್‌ವೆಲ್‌ಗಳು ಬತ್ತಿದ್ದವು, ಟ್ಯಾಂಕರ್‌ಗೆ ಕೇಳಿದಷ್ಟು ದುಡ್ಡು ಕೊಡಬೇಕಾಗಿತ್ತು. ಕುಡಿಯೋ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಮಾಡಿತ್ತು. ಅಂಥ ಹೊತ್ತಲ್ಲಿ ಮೇಲಿನ ಮನೆಗೆ ನಾಲ್ಕು ಜನ ನೆಂಟರು ಬಂದರೆ ಕೆಳಗಿರೋರ ಎದೆ ಹೊಡೆದುಕೊಳ್ಳೋದು ಸುಳ್ಳಲ್ಲ.

ಇನ್ನೊಂದು ಭಯವೂ ಇದೆ. ಇಬ್ಬರು ಅಂತ ಹೇಳಿ ಮನೆ ಹಿಡಿದು, "ಫ್ರೆಂಡು, ಎರಡು ದಿನ ಇರ್ತಾನೆ" ಅಂತ ಒಬ್ಬನನ್ನ ಕರ್ಕೊಂಡು ಬಂದು, ಅವನು ಅಲ್ಲೇ ಬೇರು ಬಿಟ್ಟು, ಆರು ತಿಂಗಳಲ್ಲಿ ಐದು ಜನ ಆಗಿರೋದನ್ನ ನಾವೆಲ್ಲ ನೋಡಿದ್ದೀವಿ. ನಾವೇ ಮಾಡಿದ್ದೀವಿ, ಯಾಕೆ ಸುಳ್ಳು ಹೇಳಬೇಕು? ಶನಿವಾರ ರಾತ್ರಿ ಎರಡು ಗಂಟೆವರೆಗೆ ಪಾರ್ಟಿ, ಬೆಳಗ್ಗೆ ಅಕ್ಕಪಕ್ಕದವರ ಬೈಗುಳ ತಿನ್ನೋದು ಓನರ್. ಈ ಕಷ್ಟಗಳು ನಿಜ.

ಆದರೆ ನೋಡಿ, ನೀರಿನ ಕಷ್ಟಕ್ಕೆ ನೀರಿನ ಪರಿಹಾರ ಬೇಕು. ಮಹಡಿಗೊಂದು ಮೀಟರ್ ಹಾಕಿಸಿ, ಬಳಸಿದಷ್ಟು ದುಡ್ಡು ತಗೊಳ್ಳಿ. ಗಲಾಟೆಯ ಕಷ್ಟಕ್ಕೆ ಗಲಾಟೆಯ ರೂಲ್ ಮಾಡಿ, ಹತ್ತು ಗಂಟೆ ಮೇಲೆ ಸದ್ದು ಬೇಡ ಅಂತ. ಮನೆಯಲ್ಲಿ ಯಾರು ಮಲಗಿದ್ದಾರೆ ಅಂತ ಎಣಿಸೋದರಿಂದ ಸಂಪು ತುಂಬೋದಿಲ್ಲ.

ಈಗ ಕಾನೂನಿಗೆ ಬರೋಣ. ಬಾಡಿಗೆಯ ಮೂಲ ಕಾನೂನು 1882ರ ಆಸ್ತಿ ವರ್ಗಾವಣೆ ಕಾಯ್ದೆ. ಅದರ 108ನೇ ಸೆಕ್ಷನ್ ಏನು ಹೇಳುತ್ತೆ ಅಂದರೆ, ಬಾಡಿಗೆದಾರ ಬಾಡಿಗೆ ಕಟ್ಟಿಕೊಂಡು, ಒಪ್ಪಿಕೊಂಡ ಷರತ್ತು ಪಾಲಿಸಿಕೊಂಡು ಹೋದರೆ, ಅವಧಿ ಮುಗಿಯೋವರೆಗೆ ಅಡ್ಡಿಯಿಲ್ಲದೆ ಆ ಮನೆಯಲ್ಲಿ ಇರಬಹುದು. ಓನರ್‌ಗೂ ಅದೇ ಸೆಕ್ಷನ್ನು ಹಕ್ಕು ಕೊಟ್ಟಿದೆ. ಸೂಕ್ತ ಸಮಯದಲ್ಲಿ ಬಂದು ಮನೆಯ ಸ್ಥಿತಿ ಹೇಗಿದೆ ಅಂತ ಪರಿಶೀಲಿಸಬಹುದು. ಗೋಡೆ, ಕೊಳಾಯಿ, ವೈರಿಂಗ್ ನೋಡೋ ಹಕ್ಕು ಅದು. ರಾತ್ರಿ ಹನ್ನೊಂದಕ್ಕೆ ಬಾಗಿಲು ತಟ್ಟಿ ಚಪ್ಪಲಿ ಎಣಿಸೋ ಹಕ್ಕಲ್ಲ.

ಅತಿಥಿ ಬೇರೆ, ಒಳಬಾಡಿಗೆ ಬೇರೆ. ಮನೆಯನ್ನೋ ಮನೆಯ ಒಂದು ಭಾಗವನ್ನೋ ಇನ್ನೊಬ್ಬರ ವಶಕ್ಕೆ ಬಿಟ್ಟು ಅವರಿಂದ ದುಡ್ಡು ತಗೊಂಡರೆ ಅದು ಒಳಬಾಡಿಗೆ. ಹೆಚ್ಚಿನ ಅಗ್ರಿಮೆಂಟುಗಳಲ್ಲಿ ಅದಕ್ಕೆ ನಿಷೇಧ ಇರುತ್ತೆ, ಇರಲೂಬೇಕು. ನಿಮ್ಮ ಜೊತೆ ನಾಲ್ಕು ದಿನ ಇದ್ದು ಹೋಗೋ ಅಮ್ಮ, ತಂಗಿ, ಗೆಳೆಯ ಒಳಬಾಡಿಗೆದಾರರಲ್ಲ.

ಆದರೆ ಬಾಡಿಗೆದಾರರೇ, ನಿಮಗೂ ಒಂದು ಮಾತು. ಅಗ್ರಿಮೆಂಟಿನಲ್ಲಿ ಅತಿಥಿಗಳ ಬಗ್ಗೆ ಷರತ್ತು ಇದ್ದು, ನೀವು ಸಹಿ ಹಾಕಿದ್ದರೆ, ಆಮೇಲೆ "ಇದ್ಯಾವ ನ್ಯಾಯ" ಅಂದರೆ ನಡೆಯಲ್ಲ. ಸಹಿ ಹಾಕಿದ ಮಾತು ಮಾತೇ. ನಮ್ಮಲ್ಲಿ ಹನ್ನೊಂದು ತಿಂಗಳ ಅಗ್ರಿಮೆಂಟ್ ಯಾಕೆ ಮಾಡ್ತಾರೆ? ಒಂದು ವರ್ಷ ಮೀರಿದರೆ 1908ರ ನೋಂದಣಿ ಕಾಯ್ದೆಯಂತೆ ರಿಜಿಸ್ಟರ್ ಮಾಡಿಸಲೇಬೇಕು, ಆ ಖರ್ಚು ತಪ್ಪಿಸೋಕೆ. ಹೀಗಾಗಿ ಟೈಪಿಂಗ್ ಅಂಗಡಿಯಲ್ಲಿ ಸಿದ್ಧ ಇರೋ ನಮೂನೆಗೆ ಹೆಸರು, ಮೊತ್ತ ತುಂಬಿಸ್ತಾರೆ. ನಾವು ಓದದೇ ಸಹಿ ಹಾಕ್ತೀವಿ. ಓದಿ ಸ್ವಾಮಿ, ಎರಡೇ ಪುಟ ಇರುತ್ತೆ.

ರೂಲ್ ಮುರಿದರು ಅಂತ ಓನರ್ ರಾತ್ರೋರಾತ್ರಿ ಬೀಗ ಬದಲಾಯಿಸಬಹುದಾ? ಇಲ್ಲ. ತಿಂಗಳ ಲೆಕ್ಕದ ಬಾಡಿಗೆ ಆದರೆ ಖಾಲಿ ಮಾಡಿಸೋಕೆ ಹದಿನೈದು ದಿನದ ನೋಟಿಸ್ ಬೇಕು. ಆಗಲೂ ಒಪ್ಪದಿದ್ದರೆ ಕೋರ್ಟಿಗೆ ಹೋಗಬೇಕು. ಕಾನೂನುಬಾಹಿರವಾಗಿ ಹೊರಗೆ ಹಾಕಿದರೆ, ಆರು ತಿಂಗಳ ಒಳಗೆ ದಾವೆ ಹೂಡಿ ಸ್ವಾಧೀನ ವಾಪಸ್ ಪಡೆಯೋಕೆ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಸೆಕ್ಷನ್ ಇದೆ.

ಇಷ್ಟೆಲ್ಲ ಇದ್ದರೂ ಬಾಡಿಗೆದಾರ ಯಾಕೆ "ಆಯ್ತು ಅಂಕಲ್" ಅಂತಾನೆ? ಕೋರ್ಟಿಗೆ ಹೋಗೋಕೆ ವಕೀಲರು ಬೇಕು, ಸಮಯ ಬೇಕು. ಅಡ್ವಾನ್ಸ್ ಮಾತ್ರ ಈಗಲೇ ಓನರ್ ಕೈಯಲ್ಲಿದೆ. ನಮ್ಮ ರಾಜ್ಯದ 1999ರ ಬಾಡಿಗೆ ಕಾಯ್ದೆ ಇದೆಯಲ್ಲ ಅಂತೀರಾ? ಬೆಂಗಳೂರಿನಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿ ದಾಟಿದ ಮನೆಗಳಿಗೆ ಅದು ಅನ್ವಯಿಸೋದೇ ಇಲ್ಲ. ಇವತ್ತು 3,500ಕ್ಕೆ ಈ ಊರಲ್ಲಿ ಬೈಕ್ ನಿಲ್ಲಿಸೋ ಜಾಗ ಸಿಕ್ಕರೆ ಪುಣ್ಯ. 2021ರಲ್ಲಿ ಕೇಂದ್ರ ಸಂಪುಟ ಮಾದರಿ ಬಾಡಿಗೆ ಕಾಯ್ದೆಗೆ ಒಪ್ಪಿಗೆ ಕೊಟ್ಟಿತು. ವಾಸದ ಮನೆಗೆ ಅಡ್ವಾನ್ಸ್ ಎರಡು ತಿಂಗಳ ಬಾಡಿಗೆ ಮೀರಬಾರದು, ಓನರ್ ಮನೆಯೊಳಗೆ ಬರೋ ಮುಂಚೆ 24 ಗಂಟೆ ಮೊದಲೇ ತಿಳಿಸಬೇಕು, ನೀರು ಕರೆಂಟ್ ಕಟ್ ಮಾಡಿ ಹಿಂಸೆ ಕೊಡೋ ಹಾಗಿಲ್ಲ ಅಂತ ಅದರಲ್ಲಿದೆ. ಆದರೆ ಅದರ ಹೆಸರೇ ಮಾದರಿ. ರಾಜ್ಯ ತನ್ನದೇ ಕಾನೂನಾಗಿ ತಂದುಕೊಳ್ಳೋವರೆಗೆ ಅದು ಕಾಗದ ಮಾತ್ರ. ಹತ್ತು ತಿಂಗಳೋ ಆರು ತಿಂಗಳೋ ಅಡ್ವಾನ್ಸ್ ಇರೋ ಕಡೆ ಬಾಡಿಗೆದಾರನಿಗೆ ಬಾಯಿ ಇರಲ್ಲ. ಎರಡು ತಿಂಗಳದ್ದಾದರೆ ಕನಿಷ್ಠ ಮಾತಾಡ್ತಾನೆ.

ಇನ್ನೊಂದು ವಿಷಯ ಹೇಳದೇ ಹೋದರೆ ಅರ್ಧ ಸತ್ಯ ಹೇಳಿದ ಹಾಗೆ. ಈ ರೂಲ್ ಎಲ್ಲರಿಗೂ ಒಂದೇ ಥರ ಇರಲ್ಲ. ಗಂಡ ಹೆಂಡತಿ ಇರೋ ಮನೆಗೆ ಹತ್ತು ದಿನ ನೆಂಟರು ಬಂದರೆ "ಏನಮ್ಮಾ, ಮನೆ ತುಂಬಾ ಜನ, ಹಬ್ಬ ಜೋರಾ?" ಅಂತ ಕೇಳ್ತಾರೆ. ಒಬ್ಬಳೇ ಇರೋ ಹುಡುಗಿ ಮನೆಗೆ ಅಣ್ಣ ಬಂದರೆ ಆಧಾರ್ ಕಾರ್ಡ್ ಕೇಳ್ತಾರೆ. ನನ್ನ ಜೊತೆ ಕೆಲಸ ಮಾಡೋ ಒಬ್ಬರಿಗೆ ಹೀಗೇ ಆಯ್ತು. ಕಾರ್ಡ್ ತೋರಿಸಿದ ಮೇಲೆ ಓನರ್ ಆಂಟಿ ಕೇಳಿದ್ದು, "ಇನಿಶಿಯಲ್ ಯಾಕಮ್ಮಾ ಬೇರೆ ಇದೆ?" ಅವನು ದೊಡ್ಡಮ್ಮನ ಮಗ. ನೈಟ್ ಶಿಫ್ಟ್ ಮುಗಿಸಿ ಬಂದ ಹುಡುಗಿ ಗೇಟಿನ ಹತ್ತಿರ ನಿಂತು ವಂಶಾವಳಿ ಹೇಳಬೇಕಾಯ್ತು. ಇಲ್ಲಿ ಸಂಪಿನ ಮಾತೇ ಬರಲಿಲ್ಲ, ಗಮನಿಸಿ. ಅಂದರೆ ಎಷ್ಟೋ ಕಡೆ ನೀರು ನೆಪ. ಅಸಲಿ ಪ್ರಶ್ನೆ, ಇವಳು ಎಂಥವಳು ಅನ್ನೋದು.

ಪಿಜಿ ವಿಷಯ ಬೇರೆ. ಒಂದೇ ರೂಮಲ್ಲಿ ಮೂರು ಮಂಚ, ಒಂದೇ ಬಾತ್‌ರೂಮು. ಅಲ್ಲಿ ಒಬ್ಬರ ಅತಿಥಿ ಇನ್ನಿಬ್ಬರ ನಿದ್ದೆ ಕೆಡಿಸ್ತಾರೆ, ರೂಲ್ ಇರೋದು ಸರಿಯೇ. ನಾನು ಮಾತಾಡ್ತಿರೋದು ಬೀಗ, ಬಾಗಿಲು, ಅಡುಗೆಮನೆ ಎಲ್ಲ ಇರೋ ಮನೆ ಬಗ್ಗೆ.

ಖಾಸಗಿತನ ಮೂಲಭೂತ ಹಕ್ಕು ಅಂತ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ಆ ಕೇಸು ಹಾಕಿದ್ದು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಆ ತೀರ್ಪು ಮುಖ್ಯವಾಗಿ ಸರ್ಕಾರ ಮತ್ತು ಪ್ರಜೆ ನಡುವಿನದು, ಅದನ್ನ ಹಿಡ್ಕೊಂಡು ಓನರ್ ಮೇಲೆ ಯುದ್ಧಕ್ಕೆ ಹೋಗಿ ಅಂತ ನಾನು ಹೇಳ್ತಿಲ್ಲ. ಆದರೆ ಇಡೀ ದೇಶಕ್ಕೆ ಆ ಹಕ್ಕು ಕೇಳಿ ತಂದುಕೊಟ್ಟ ಬೆಂಗಳೂರಿನಲ್ಲೇ, ನಮ್ಮ ಮನೇಲಿ ನಿನ್ನೆ ರಾತ್ರಿ ಯಾರಿದ್ದರು ಅಂತ ಮೆಟ್ಟಿಲ ಮೇಲೆ ನಿಂತು ಉತ್ತರ ಕೊಡ್ತಿದ್ದೀವಲ್ಲ, ಅದು ಚುಚ್ಚುತ್ತೆ.

ಹಾಗಾದರೆ ಏನು ಮಾಡೋಣ? ಓನರ್‌ಗಳೇ, ನಿಮ್ಮ ರೂಲ್ ಏನಿದೆಯೋ ಅಡ್ವಾನ್ಸ್ ತಗೊಳ್ಳೋ ಮುಂಚೆ ಹೇಳಿ, ಕಾಗದದಲ್ಲಿ ಬರೀರಿ. ಎಷ್ಟು ದಿನ ಮೀರಿದರೆ ತಿಳಿಸಬೇಕು ಅಂತ ಬರೀರಿ, ಯಾರು ಅಂತ ಬರೀಬೇಡಿ. ತಂದೆ ತಾಯಿ, ಬಾಣಂತನ, ಆಸ್ಪತ್ರೆ, ಇವಕ್ಕೆ ಲೆಕ್ಕ ಇಡಬೇಡಿ. ಬಾಡಿಗೆದಾರರೇ, ಬೀಗದ ಕೈ ತಗೊಳ್ಳೋ ಮುಂಚೆ ನೀವೇ ಬಾಯಿಬಿಟ್ಟು ಕೇಳಿ: "ನಮ್ಮ ಊರಿಂದ ಅಪ್ಪ ಅಮ್ಮ ಬರ್ತಾರೆ, ವಾರ ಇರ್ತಾರೆ, ಪರವಾಗಿಲ್ವಾ?" ಪರವಾಗಿದೆ ಅಂದರೆ ಆ ಮನೆ ಬಿಡಿ, ಮುಂದಿನ ಬೋರ್ಡ್ ನೋಡಿ. ಯಾರಾದರೂ ನಾಲ್ಕು ದಿನ ಬರೋದಿದ್ದರೆ ಒಂದು ಮಾತು ಹೇಳಿ. ಅದು ಅನುಮತಿ ಕೇಳೋದಲ್ಲ, ಮರ್ಯಾದೆ. ನೀರು ಜಾಸ್ತಿ ಆದರೆ ಟ್ಯಾಂಕರ್‌ನಲ್ಲಿ ನಮ್ಮ ಪಾಲು ಕೊಡೋಣ. ಇನ್ನು ಸರ್ಕಾರ. ಅಡ್ವಾನ್ಸಿಗೊಂದು ಮಿತಿ ಹಾಕೋ ಕಾನೂನು ತರೋಕೆ ಮುಹೂರ್ತ ಬೇಕಾಗಿಲ್ಲ.

ಈಗಲೂ ನಾನು ಬಾಡಿಗೆ ಮನೆಯಲ್ಲೇ ಇದ್ದೀನಿ. ಈಗಿನ ಓನರ್ ಅಂಥ ರೂಲ್ ಏನೂ ಇಟ್ಟಿಲ್ಲ. ಅಪ್ಪ ಬಂದರೆ ಅವರೇ ಕರೆದು ಕಾಫಿ ಕೊಡ್ತಾರೆ. ಆದರೂ ಪ್ರತಿ ಸಲ ಊರಿಂದ ಹೊರಡೋ ಮುಂಚೆ ಅಪ್ಪ ಫೋನ್ ಮಾಡಿ ಒಂದು ಪ್ರಶ್ನೆ ಕೇಳ್ತಾರೆ: "ಎಷ್ಟು ದಿನ ಇರಬಹುದಪ್ಪಾ? ನಿಮ್ಮ ಓನರ್ ಏನೂ ಅಂದ್ಕೊಳಲ್ಲ ತಾನೇ?"

ಮಗನ ಮನೆಗೆ ಬರೋಕೆ ಅಪ್ಪ ಹೀಗೆ ಕೇಳಬೇಕಾಗಿರೋದು ನನ್ನಿಂದ. ಅವತ್ತು ಮೆಟ್ಟಿಲ ಹತ್ತಿರ ನಾನು ಆಡದೇ ಉಳಿಸಿದ ಮಾತು ಅದು. ನಿಮ್ಮ ಮನೆಯ ಮೆಟ್ಟಿಲ ಹತ್ತಿರ ಇಂಥ ಮಾತು ಬಂದರೆ, ದಯವಿಟ್ಟು ನನ್ನ ಹಾಗೆ "ಆಯ್ತು ಅಂಕಲ್" ಅಂದು ಹಾಲು ತರೋಕೆ ಹೋಗಬೇಡಿ. ನಿಂತು, ನಗುತ್ತಲೇ, ಹೇಳಬೇಕಾದ್ದನ್ನ ಹೇಳಿ.