ಬಾಗಿಲ ಬಣ್ಣ, ಹಿತ್ತಲ ಮಣ್ಣು

(ರಾಯಚೂರು ಜಿಲ್ಲೆಯ ಮಲ್ಲಟದಲ್ಲಿ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾಡಿದ ಭಾಷಣದ ಪಠ್ಯ)



ಮಲೆನಾಡಿನ ತೊಟ್ಟಿಮನೆಯಲ್ಲಿ ವಾಸಿಸುವ ನನಗೆ ಎರೆಸೀಮೆಯ ನಿಮ್ಮ ಮಾಳಿಗೆಮನೆಗಳು ಪರಕೀಯವೆನಿಸಲಿಲ್ಲ. ಅಲ್ಲಿ ಹಲಸು, ಬೀಟೆ. ಇಲ್ಲಿ ತೇಗ, ಬೇವು. ಕಂಬ, ಚೌಕಟ್ಟುಗಳ ಮೇಲೆ ಹಬ್ಬಕ್ಕೊಮ್ಮೆ, ಮದುವೆಗೊಮ್ಮೆ ಬಳಿದ ಎಣ್ಣೆಬಣ್ಣದ ಪದರಗಳು ಮಾತ್ರ ಎರಡೂ ಕಡೆ ಒಂದೇ. ಅವನ್ನು ಕೆರೆದು ಮರದ ಮೂಲ ಚೆಲುವನ್ನು ಕಾಣುವ ಆಸೆ ಈಗ ಹಲವರದು. ಒಳ್ಳೆಯ ಆಸೆಯೇ, ಹಳೆಯ ಬಾಗಿಲು ಉಳಿದರೆ ಕಾಡಿನಲ್ಲೊಂದು ಮರ ಉಳಿಯುತ್ತದೆ. ಆದರೆ ಕೆರೆದ ಬಣ್ಣ ಎಲ್ಲಿಗೆ ಹೋಗುತ್ತದೆ?

ಮೂರು ವರ್ಷಗಳ ಹಿಂದೆ ನಮ್ಮ ಜಗಲಿಯ ಕಂಬಗಳನ್ನು ನಾನೇ ಒಣ ಸ್ಯಾಂಡ್‌ಪೇಪರಿನಿಂದ ಉಜ್ಜಿದೆ. ಉದುರಿದ ಪುಡಿಯನ್ನು ಗುಡಿಸಿ ಹಿತ್ತಲ ಬಸಳೆಯ ಬುಡಕ್ಕೆ ಸುರಿದೆ. ಮಣ್ಣನ್ನೇ ಅಧ್ಯಯನ ಮಾಡಿ ಡಾಕ್ಟರೇಟ್ ಪಡೆದವನು ಮಾಡಿದ ಕೆಲಸವಿದು. ಮನೆಯ ಮಗು ಆ ಮಣ್ಣಿನಲ್ಲಿ ಆಡುತ್ತಿದ್ದುದನ್ನು ಕಂಡಾಗಲೇ ನನಗೆ ಎಚ್ಚರವಾದುದು.

ಹಳೆಯ ಎಣ್ಣೆಬಣ್ಣಗಳಲ್ಲಿ, ವಿಶೇಷವಾಗಿ ಹಳದಿ, ಹಸಿರು, ಕೆಂಪು ಬಣ್ಣಗಳಲ್ಲಿ, ಸೀಸವಿರುವ ಸಂಭವ ಹೆಚ್ಚು. ಹೊಸ್ತಿಲಿಗೆ ಬಳಿಯುತ್ತಿದ್ದ ಹಳದಿಯನ್ನೇ ನೆನೆಯಿರಿ. ಕ್ರೋಮ್ ಹಳದಿಯೆಂದರೆ ಸೀಸದ ಕ್ರೋಮೇಟ್. ನಮ್ಮ ದೇಶದಲ್ಲಿ ಮನೆಬಣ್ಣದ ಸೀಸಕ್ಕೆ ಹತ್ತು ಲಕ್ಷಕ್ಕೆ 90 ಭಾಗಗಳ ಮಿತಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಪದರಗಳನ್ನು ಶಂಕಿಸುವುದೇ ವಿವೇಕ. ಸೀಸವು ಮಕ್ಕಳ ಮಿದುಳಿನ ಬೆಳವಣಿಗೆಯನ್ನು ಕುಂದಿಸುತ್ತದೆ. ರಕ್ತದಲ್ಲಿ ಇಷ್ಟಿದ್ದರೆ ಅಪಾಯವಿಲ್ಲವೆನ್ನುವ ಪ್ರಮಾಣವೇ ತಿಳಿದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ.

ಸೀಸ ಕೊಳೆಯುವುದಿಲ್ಲ, ಮಳೆಗೆ ಸುಲಭವಾಗಿ ಕೆಳಗಿಳಿಯುವುದೂ ಇಲ್ಲ. ಜೇಡಿ ಮತ್ತು ಸಾವಯವ ಅಂಶಗಳಿಗೆ ಅಂಟಿಕೊಂಡು ಮೇಲ್ಮಣ್ಣಿನಲ್ಲೇ ದಶಕಗಳ ಕಾಲ ಉಳಿಯುತ್ತದೆ. ಮಲೆನಾಡಿನ ಹುಳಿಮಣ್ಣಿನಲ್ಲಿ ಅದು ಗಿಡಗಳಿಗೆ ಹೆಚ್ಚಾಗಿ ದೊರೆಯುತ್ತದೆ. ನಿಮ್ಮ ಕ್ಷಾರಗುಣದ ಎರೆಮಣ್ಣು ಅದನ್ನು ಬಿಗಿಯಾಗಿ ಹಿಡಿದಿಡುತ್ತದೆ. ಆದರೆ ಮಣ್ಣಾದ ಬೆರಳನ್ನು ಬಾಯಿಗಿಡುವ ಕೂಸಿಗೆ ಈ ಭೇದದಿಂದ ರಕ್ಷಣೆಯಿಲ್ಲ.

ಆದ್ದರಿಂದ ನನ್ನ ಮೊದಲ ಸಲಹೆ: ಬಣ್ಣ ಗಟ್ಟಿಯಾಗಿದ್ದರೆ ಕೆರೆಯಬೇಡಿ, ಅದರ ಮೇಲೆಯೇ ಸೀಸರಹಿತ ಬಣ್ಣ ಬಳಿಯಿರಿ. ಎದ್ದು ಉದುರುತ್ತಿದ್ದರೆ ಮಾತ್ರ ತೆಗೆಯಿರಿ. ಬೆಂಕಿಯ ಜ್ವಾಲೆ ಹಿಡಿಯಬೇಡಿ, ಸೀಸದ ಹೊಗೆ ಏಳುತ್ತದೆ. ಯಂತ್ರದಿಂದ ಒಣದಾಗಿ ಉಜ್ಜಬೇಡಿ. ಮಕ್ಕಳನ್ನೂ ಬಸುರಿಯರನ್ನೂ ದೂರವಿರಿಸಿ, ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿ, ನೀರು ಚಿಮುಕಿಸುತ್ತ ಕೈಯಿಂದ ಕೆರೆಯಿರಿ. ಮೂಗಿಗೆ ಟವೆಲ್ ಕಟ್ಟಿದರೆ ಸಾಲದು. ಸೂಕ್ಷ್ಮ ಧೂಳನ್ನು ತಡೆಯುವ ಮುಖಗವಸು ಬೇಕು. ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿರಿ. ಸಿಪ್ಪೆಯನ್ನು ತಿಪ್ಪೆಗಾಗಲಿ, ಒಲೆಗಾಗಲಿ, ಕಾಲುವೆಗಾಗಲಿ ಹಾಕದೆ, ಚೀಲದಲ್ಲಿ ಭದ್ರವಾಗಿ ಕಟ್ಟಿ, ಅಪಾಯಕಾರಿ ಕಸವೆಂದು ತಿಳಿಸಿ ಪಂಚಾಯಿತಿಯ ಕಸದ ಘಟಕಕ್ಕೆ ಒಪ್ಪಿಸಿರಿ. ಸ್ವೀಕರಿಸುವ ಏರ್ಪಾಡಿಲ್ಲದಿದ್ದರೆ ಗ್ರಾಮಸಭೆಯಲ್ಲಿ ಕೇಳಿರಿ.

ಬರಿದಾದ ಮರಕ್ಕೆ ಅಗಸೆ ಎಣ್ಣೆ ತೆಳುವಾಗಿ ಸವರಬಹುದು. ಅದು ಗಾಳಿಗೆ ಒಣಗಿ ಗಟ್ಟಿಯಾಗುತ್ತದೆ. ಸವರಿದ ಬಟ್ಟೆಯನ್ನು ಮುದ್ದೆಮಾಡಿ ಇಡಬೇಡಿ, ತಾನಾಗಿ ಹೊತ್ತಿಕೊಳ್ಳಬಲ್ಲದು. ಹೊರಗೆ ಹರವಿ ಒಣಗಿಸಿ.

ಬಸಳೆಯ ಆ ಪಾತಿಯಲ್ಲಿ ನಾವೀಗ ಸೊಪ್ಪು ಬೆಳೆಯುವುದಿಲ್ಲ. ಮೇಲ್ಮಣ್ಣು ತೆಗೆಸಿ ಹೂವಿನ ಗಿಡ ನೆಟ್ಟಿದ್ದೇವೆ. ಕಂಬಗಳು ಬಹಳ ಚೆನ್ನಾಗಿ ಕಾಣುತ್ತಿವೆ, ಬಂದವರೆಲ್ಲ ಹೊಗಳುತ್ತಾರೆ. ಆ ಹೊಗಳಿಕೆ ಕೇಳಿದಾಗಲೆಲ್ಲ ನನ್ನ ಕಣ್ಣು ಹಿತ್ತಲಿನತ್ತ ಹೊರಳುತ್ತದೆ.