ಕರ್ತವ್ಯ ಮೊದಲೋ, ಮನೆ ಮೊದಲೋ?

(ಸಂಘದ ವಾರ್ಷಿಕ ಸಮಾರಂಭದಲ್ಲಿ ನಿವೃತ್ತ ಶುಶ್ರೂಷಕಿಯೊಬ್ಬರು ಮಾಡಿದ ಭಾಷಣದ ಬರಹ ರೂಪ)



ನನಗೆ ಕೊಟ್ಟ ವಿಷಯ 'ಸೇವಾ ವೃತ್ತಿಗಳಲ್ಲಿ ಯುವಜನರ ಪಾತ್ರ'. ಸಂಘಟಕರು ಕ್ಷಮಿಸಬೇಕು, ನಾನು ಅದರ ಒಂದು ಮೂಲೆಯನ್ನು ಮಾತ್ರ ಹಿಡಿದುಕೊಳ್ಳುತ್ತೇನೆ. ಸಭೆ ಶುರುವಾಗುವ ಮೊದಲು ಒಬ್ಬ ತಾಯಿ ನನ್ನನ್ನು ಪಕ್ಕಕ್ಕೆ ಕರೆದು ಕೇಳಿದರು: "ಮೇಡಂ, ನನ್ನ ಮಗಳು ನರ್ಸಿಂಗ್ ಮೂರನೇ ವರ್ಷದಲ್ಲಿದ್ದಾಳೆ. ಕೊರೊನಾದಂಥದ್ದು ಇನ್ನೊಮ್ಮೆ ಬಂದರೆ ನಾನು ಅವಳಿಗೆ 'ಮನೆಗೆ ಬಾ' ಎನ್ನಬೇಕೋ, 'ಅಲ್ಲೇ ಇರು' ಎನ್ನಬೇಕೋ?" ಬರೆದು ತಂದಿದ್ದ ಭಾಷಣವನ್ನು ನಾನು ಆಗಲೇ ಚೀಲದೊಳಗೆ ಇಟ್ಟುಬಿಟ್ಟೆ.

ನೆರೆ ಬಂದಾಗ, ಬೆಂಕಿ ಬಿದ್ದಾಗ, ರೋಗ ಹರಡಿದಾಗ ಉಳಿದವರೆಲ್ಲ ಮನೆಯ ಕಡೆಗೆ ಓಡುತ್ತಾರೆ. ಪೊಲೀಸರು, ಅಗ್ನಿಶಾಮಕ ದಳದವರು, ಆ್ಯಂಬುಲೆನ್ಸ್ ಚಾಲಕರು, ನರ್ಸುಗಳು ಮನೆಯಿಂದ ಹೊರಗೆ ಓಡಬೇಕು. ಅವರ ಮನೆಯೂ ಅದೇ ಊರಿನಲ್ಲಿರುತ್ತದೆ, ಅದೇ ನೀರು ಅವರ ಅಂಗಳಕ್ಕೂ ಬಂದಿರುತ್ತದೆ. ಆಗ ಯಾವುದು ಮೊದಲು?

ಭೋಪಾಲದ ಗುಲಾಂ ದಸ್ತಗೀರರ ಹೆಸರನ್ನು ನಿಮ್ಮಲ್ಲಿ ಕೆಲವರು ಕೇಳಿರಬಹುದು. 1984ರ ಡಿಸೆಂಬರ್ 2ರ ರಾತ್ರಿ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಿಂದ ವಿಷಾನಿಲ ಸೋರಿದಾಗ ಅವರು ಭೋಪಾಲ ರೈಲು ನಿಲ್ದಾಣದ ಉಪ ಅಧೀಕ್ಷಕರು. ಕಾರ್ಖಾನೆ ಅಲ್ಲಿಗೆ ಹತ್ತಿರವೇ. ಪ್ರಯಾಣಿಕರು ತುಂಬಿದ್ದ ಎಕ್ಸ್‌ಪ್ರೆಸ್ ಒಂದು ಪ್ಲಾಟ್‌ಫಾರಂನಲ್ಲಿ ನಿಂತಿತ್ತು, ಹೊರಡುವ ವೇಳೆ ಇನ್ನೂ ಆಗಿರಲಿಲ್ಲ. ಮೇಲಿನ ಅಪ್ಪಣೆಗೆ ಕಾಯದೆ ಅವರು ಅದನ್ನು ಹೊರಡಿಸಿಬಿಟ್ಟರು. ಭೋಪಾಲದ ಕಡೆಗೆ ಬರುವ ಗಾಡಿಗಳನ್ನು ತಡೆಯುವಂತೆ ಅಕ್ಕಪಕ್ಕದ ನಿಲ್ದಾಣಗಳಿಗೆ ಸುದ್ದಿ ಮುಟ್ಟಿಸಿದರು. ಕಣ್ಣು ಗಂಟಲು ಉರಿಯುತ್ತಿರಲು ನಿಲ್ದಾಣದಲ್ಲೇ ಉಳಿದರು. ಅವರ ಹೆಂಡತಿ ಮಕ್ಕಳು ಅದೇ ಊರಿನಲ್ಲಿದ್ದರು, ಅದೇ ಗಾಳಿಯನ್ನು ಉಸಿರಾಡುತ್ತಿದ್ದರು. ಆ ರಾತ್ರಿ ಅವರ ಸಹೋದ್ಯೋಗಿಗಳು ಹಲವರು ತೀರಿಕೊಂಡರು. ದಸ್ತಗೀರರು ಬದುಕಿದರು, ಆದರೆ 2003ರಲ್ಲಿ ತೀರಿಕೊಳ್ಳುವವರೆಗೂ ಆ ಅನಿಲ ಅವರ ದೇಹವನ್ನು ಬಿಡಲಿಲ್ಲ.

ಈ ಕಥೆಯನ್ನು ಹೇಳಿದಾಗಲೆಲ್ಲ ಸಭಿಕರು ಚಪ್ಪಾಳೆ ತಟ್ಟುತ್ತಾರೆ. ಈಗ ನೀವೂ ತಟ್ಟಿದಿರಿ. ತಪ್ಪಲ್ಲ. ಆದರೆ ಆ ಚಪ್ಪಾಳೆಯನ್ನು ಕಂಡರೆ ನನಗೆ ಸ್ವಲ್ಪ ಭಯ. ಅಂಥವರನ್ನು ಹೊಗಳಿ ಮುಗಿಸಿದರೆ ನಮ್ಮ ಕೆಲಸವೂ ಮುಗಿಯಿತು ಎಂದು ನಾವು ಭಾವಿಸುತ್ತೇವೆ. ಅವರು ನಿಲ್ದಾಣದಲ್ಲಿದ್ದಾಗ ಮನೆಯಲ್ಲಿದ್ದವರನ್ನು ನೋಡಿಕೊಳ್ಳುವ ಹೊಣೆ ಯಾರದಾಗಿತ್ತು ಎಂದು ಯಾರೂ ಕೇಳುವುದಿಲ್ಲ.

ಇನ್ನೊಂದು ಊರನ್ನು ನೋಡಿ. 2005ರ ಆಗಸ್ಟ್ 29ರಂದು ಕತ್ರಿನಾ ಚಂಡಮಾರುತ ಬಂದಾಗ ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದ ಒಡ್ಡುಗಳು ಒಡೆದವು. ನಗರದ ಶೇಕಡಾ 80 ಭಾಗ ನೀರಿನಲ್ಲಿ ಮುಳುಗಿತು. ಆ ದಿನಗಳಲ್ಲಿ ಸುಮಾರು 250 ಪೊಲೀಸರು ಕೆಲಸದಲ್ಲಿ ಇರಲಿಲ್ಲವೆಂದು ಲೆಕ್ಕ ಬಂತು. ಜಗತ್ತಿನ ಪತ್ರಿಕೆಗಳೆಲ್ಲ ಅವರನ್ನು ಹೇಡಿಗಳೆಂದವು. ವಿಚಾರಣೆ ಮಾಡುತ್ತಾ ಹೋದಂತೆ ಚಿತ್ರ ಬದಲಾಯಿತು. ಕೆಲವರು ನಿಜವಾಗಿಯೂ ಓಡಿಹೋಗಿದ್ದರು. ಕೆಲವರು ತಾವೇ ನೀರಿನಲ್ಲಿ ಸಿಕ್ಕಿಬಿದ್ದಿದ್ದರು. ಇನ್ನು ಕೆಲವರು ಮನೆಯವರನ್ನು ಸುರಕ್ಷಿತ ಜಾಗಕ್ಕೆ ಮುಟ್ಟಿಸಿ ಹಿಂದಿರುಗಿದ್ದರು. ಅಕ್ಟೋಬರ್ ಕೊನೆಗೆ ಕೆಲಸದಿಂದ ವಜಾ ಆದವರು 51 ಮಂದಿ, ಅವರಲ್ಲಿ 45 ಜನ ಪೊಲೀಸ್ ಅಧಿಕಾರಿಗಳು. ಮನೆ ಮಠ ಕಳೆದುಕೊಂಡೂ ಕೆಲಸ ಬಿಡದಿದ್ದವರು ಬಹಳ ಮಂದಿ. ಆ ಭಾರ ತಾಳಲಾರದೆ ಇಬ್ಬರು ಅಧಿಕಾರಿಗಳು ಪ್ರಾಣ ಕಳೆದುಕೊಂಡರು. ಹೇಳದೆ ಓಡಿದವನನ್ನೂ ಹೇಳಿ ಹೋಗಿ ಮರಳಿ ಬಂದವನನ್ನೂ ಒಂದೇ ಪಟ್ಟಿಯಲ್ಲಿ ಬರೆಯುವುದು ನ್ಯಾಯವೇ? ಈ ಪ್ರಶ್ನೆ ನನ್ನನ್ನು ಚುಚ್ಚುವುದಕ್ಕೆ ನನ್ನದೇ ಕಾರಣವಿದೆ, ಅದನ್ನು ಆಮೇಲೆ ಹೇಳುತ್ತೇನೆ.

ಈ ವಿಷಯದಲ್ಲಿ ಮೊದಮೊದಲು ಅಧ್ಯಯನ ಮಾಡಿದವರಲ್ಲಿ ಲೂಯಿಸ್ ಕಿಲಿಯನ್ ಎಂಬ ಸಮಾಜಶಾಸ್ತ್ರಜ್ಞರು ಒಬ್ಬರು. 1947ರ ಏಪ್ರಿಲ್ 16ರಂದು ಅಮೆರಿಕದ ಟೆಕ್ಸಸ್ ಸಿಟಿ ಬಂದರಿನಲ್ಲಿ ಅಮೋನಿಯಂ ನೈಟ್ರೇಟ್ ತುಂಬಿದ ಹಡಗು ಸಿಡಿಯಿತು. ಸುಮಾರು 600 ಜನ ಸತ್ತರು. ಆ ಊರಿನ ಸ್ವಯಂಸೇವಕ ಅಗ್ನಿಶಾಮಕ ದಳದ 28 ಮಂದಿಯಲ್ಲಿ 27 ಮಂದಿ ಒಂದೇ ಸ್ಫೋಟಕ್ಕೆ ಬಲಿಯಾದರು. ಕಿಲಿಯನ್ ಅಲ್ಲಿಯೂ ಸುಂಟರಗಾಳಿಗೆ ಸಿಕ್ಕ ಇತರ ಊರುಗಳಲ್ಲಿಯೂ ಜನರನ್ನು ಮಾತನಾಡಿಸಿ 1952ರಲ್ಲಿ ಒಂದು ಲೇಖನ ಬರೆದರು. ಮನೆಯೋ ಕೆಲಸವೋ ಎಂಬ ಇಕ್ಕಟ್ಟಿಗೆ ಸಿಕ್ಕಿದವರಲ್ಲಿ ಬಹುಪಾಲು ಜನ ಮೊದಲು ಮನೆಯ ಕಡೆಗೇ ತಿರುಗಿದ್ದರು. ಆದರೆ ಟೆಕ್ಸಸ್ ಸಿಟಿಯ ಪೊಲೀಸ್ ಮುಖ್ಯಸ್ಥರು ಮಾತ್ರ 72 ಗಂಟೆ ಮನೆಗೆ ಹೋಗದೆ ರಕ್ಷಣಾ ಕಾರ್ಯ ನಡೆಸಿದ್ದರು. ಅದು ಹೇಗೆ ಸಾಧ್ಯವಾಯಿತೆಂದು ಕೇಳಿದಾಗ ಅವರು ದೇಶಸೇವೆಯ ದೊಡ್ಡ ಮಾತು ಆಡಲಿಲ್ಲ. ಹೆಂಡತಿ ಮಕ್ಕಳು ಅಂದು ನೆಂಟರ ಊರಿಗೆ ಹೋಗಿದ್ದರು, ಅವರು ಕ್ಷೇಮವಾಗಿದ್ದಾರೆಂದು ತನಗೆ ಗೊತ್ತಿತ್ತು ಎಂದರು.

ಅಷ್ಟೇ. ನಾನು ಅದನ್ನು ಓದಿದಾಗ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಏಕೆಂದರೆ ಆ ಮಾತಿನ ಸತ್ಯ ನನಗೆ ಒಂದು ಮಳೆಗಾಲದ ರಾತ್ರಿಯೇ ತಿಳಿದಿತ್ತು.

ಮೊಬೈಲ್ ಇಲ್ಲದ ಕಾಲ. ನದಿ ದಂಡೆಯ ಒಂದು ಸಣ್ಣ ಆಸ್ಪತ್ರೆಯಲ್ಲಿ ನನಗೆ ನೈಟ್ ಡ್ಯೂಟಿ. ಯಜಮಾನರು ಕೆಲಸದ ಮೇಲೆ ಮುಂಬೈಯಲ್ಲಿದ್ದರು. ಮನೆಯಲ್ಲಿ ಆರು ಮತ್ತು ಮೂರು ವರ್ಷದ ಎರಡು ಮಕ್ಕಳು, ವಯಸ್ಸಾದ ಅತ್ತೆ. ರಾತ್ರಿ ಹತ್ತಕ್ಕೆ ನಮ್ಮ ಓಣಿಗೆ ನೀರು ನುಗ್ಗಿದೆ ಎಂಬ ಸುದ್ದಿ ಬಂತು. ವಾರ್ಡಿನಲ್ಲಿ ಹನ್ನೊಂದು ಜನ, ಅವರಲ್ಲಿ ಇಬ್ಬರು ಹೆರಿಗೆಯಾದವರು. ಕೆಳಗಿನ ಅಂತಸ್ತಿನಿಂದ ಎಲ್ಲರನ್ನೂ ಮೇಲಕ್ಕೆ ಸಾಗಿಸಬೇಕಿತ್ತು. ಕೈ ಕೆಲಸ ಮಾಡುತ್ತಿತ್ತು, ತಲೆ ಮನೆಯಲ್ಲಿತ್ತು. ಒಬ್ಬರಿಗೆ ಇಂಜೆಕ್ಷನ್ ಕೊಟ್ಟೆನೋ ಇಲ್ಲವೋ ನೆನಪಾಗದೆ ಎರಡು ಸಲ ಚಾರ್ಟ್ ನೋಡಿದೆ. ಅಂಥ ನರ್ಸ್ ವಾರ್ಡಿನಲ್ಲಿದ್ದರೆಷ್ಟು, ಬಿಟ್ಟರೆಷ್ಟು? ಹನ್ನೆರಡರ ಸುಮಾರಿಗೆ ಒಬ್ಬ ಹುಡುಗ ಪೂರ್ತಿ ಒದ್ದೆಯಾಗಿ ಬಂದು ಒಂದು ಚೀಟಿ ಕೊಟ್ಟ. ಪಕ್ಕದ ಮನೆಯ ಅಕ್ಕ ಬರೆದಿದ್ದರು. ಮಕ್ಕಳೂ ಅತ್ತೆಯೂ ನಮ್ಮ ಅಟ್ಟದಲ್ಲಿದ್ದಾರೆ, ಗಂಜಿ ಉಂಡು ಮಲಗಿದ್ದಾರೆ, ನೀನು ಬರುವುದು ಬೇಡ. ಆ ಚೀಟಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬೆಳಗಿನವರೆಗೆ ಕೆಲಸ ಮಾಡಿದೆ. ಆಮೇಲೆ ನನ್ನನ್ನು ಸನ್ಮಾನಿಸಿದರು, ಶಾಲು ಹೊದಿಸಿದರು. ಚೀಟಿ ಬಾರದಿದ್ದರೆ? ನಾನು ಹೋಗಿಬಿಡುತ್ತಿದ್ದೆ. ಇದನ್ನು ಹೇಳಲು ನನಗೆ ನಾಚಿಕೆಯಿಲ್ಲ.

ನಾಚಿಕೆ ಇರುವುದು ಬೇರೆ ವಿಷಯಕ್ಕೆ. ಅದೇ ರಾತ್ರಿ ನನ್ನ ಜೊತೆಗಿದ್ದ ಸಿಸ್ಟರ್ ಒಬ್ಬಳ ತಂದೆ ಹಾಸಿಗೆ ಹಿಡಿದಿದ್ದರು. ಸೇತುವೆಯಾಚೆ ಮನೆ. "ಅಪ್ಪನನ್ನು ಮಹಡಿ ಇರುವ ಮನೆಗೆ ಸೇರಿಸಿ ಬಂದುಬಿಡುತ್ತೇನೆ ಅಕ್ಕಾ" ಎಂದು ನನಗೆ ಹೇಳಿಯೇ ಹೋದಳು. ಸೇತುವೆ ಬಂದ್ ಆಯಿತು. ಮರುದಿನ ಮಧ್ಯಾಹ್ನ ದೋಣಿ ಹಿಡಿದು ಬಂದಳು, ಬಂದವಳೇ ಕೆಲಸಕ್ಕೆ ನಿಂತಳು. ಆಮೇಲೆ ಅವಳಿಗೆ ನೋಟೀಸು, ವಿಚಾರಣೆ. ರಾತ್ರಿ ವಾರ್ಡ್ ಬಿಟ್ಟು ಹೋಗಿದ್ದಳೇ ಎಂದು ನನ್ನಿಂದ ಬರೆಸಿಕೊಂಡರು. ಹೌದು ಎಂದು ಬರೆದು ಸಹಿ ಮಾಡಿದೆ. ನನಗೆ ಹೇಳಿ ಹೋದಳು, ಮರಳಿ ಬಂದಳು ಎಂದು ಬರೆಯಲಿಲ್ಲ. ಅವರು ಕೇಳಲಿಲ್ಲ, ನಾನು ಬರೆಯಲಿಲ್ಲ. ಅವಳ ಇನ್‌ಕ್ರಿಮೆಂಟ್ ತಡೆದರು, ದೂರದ ಊರಿಗೆ ವರ್ಗ ಮಾಡಿದರು. ನನಗೆ ಶಾಲು, ಅವಳಿಗೆ ನೋಟೀಸು. ನಮ್ಮಿಬ್ಬರ ನಡುವೆ ಇದ್ದ ವ್ಯತ್ಯಾಸ ಅಂಗೈಯಗಲದ ಒಂದು ಚೀಟಿ.

ಹಾಗಾದರೆ ಕರ್ತವ್ಯಕ್ಕೆ ಬೆಲೆಯಿಲ್ಲವೇ ಎಂದು ನೀವು ಕೇಳಬಹುದು. ಇದೆ. ಬೆಂಕಿ ಬಿದ್ದ ಮನೆಯವರು ಬೇರೆ ಯಾರನ್ನು ಕರೆಯಬೇಕು? ವೆಂಟಿಲೇಟರಿನಲ್ಲಿರುವ ರೋಗಿ ಎದ್ದು ಇನ್ನೊಂದು ಆಸ್ಪತ್ರೆಗೆ ನಡೆದು ಹೋಗಲಾರ. ಆ ವಿದ್ಯೆಯನ್ನು ಕಲಿತು, ಆ ಕೆಲಸವನ್ನು ಒಪ್ಪಿಕೊಂಡು, ತಿಂಗಳು ತಿಂಗಳು ಸಂಬಳ ಪಡೆದವರು ಆಪತ್ತಿನ ದಿನ ಮಾತ್ರ ಇಲ್ಲವೆಂದರೆ ಆ ಕೆಲಸಕ್ಕೆ ಅರ್ಥವೇ ಇಲ್ಲ. ಹೇಳದೆ ಹೋಗುವುದು ದೊಡ್ಡ ತಪ್ಪು. ಇದರಲ್ಲಿ ನನಗೆ ಸಂಶಯವಿಲ್ಲ. ಆದರೆ ಕರ್ತವ್ಯ ಒಪ್ಪಿಸಿದವರಿಗೂ ಒಂದು ಕರ್ತವ್ಯವಿದೆ. ಅದು ಆಪತ್ತು ಮುಗಿದ ಮೇಲೆ ಶುರುವಾದರೆ ಸಾಲದು.

ನಮ್ಮ ನೆರೆಯ ಕೇರಳದ ಪೇರಾಂಬ್ರದ ನರ್ಸ್ ಲಿನಿ ನಿಮಗೆ ನೆನಪಿರಬಹುದು. 2018ರ ಮೇ ತಿಂಗಳಲ್ಲಿ ನಿಪಾ ರೋಗಿಯ ಆರೈಕೆ ಮಾಡಿ ಅದೇ ರೋಗದಿಂದ ತೀರಿಕೊಂಡರು. ಎರಡು ಪುಟ್ಟ ಗಂಡುಮಕ್ಕಳು, ಗಂಡ ಬಹ್ರೇನಿನಲ್ಲಿ ಕೆಲಸದಲ್ಲಿದ್ದವರು. ನಮ್ಮ ಕರಾವಳಿಯ ಎಷ್ಟು ಮನೆಗಳ ಸ್ಥಿತಿ ಇದೇ ಅಲ್ಲವೇ? ಸರಕಾರ ಆಮೇಲೆ ಮಕ್ಕಳಿಗೆ ತಲಾ 10 ಲಕ್ಷ ರೂಪಾಯಿ, ಗಂಡನಿಗೆ ಉದ್ಯೋಗ ಕೊಟ್ಟಿತು. ಒಳ್ಳೆಯದೇ ಆಯಿತು. 2020ರಲ್ಲಿ ಕೊರೊನಾ ಬಂದಾಗ ಕೇಂದ್ರ ಸರಕಾರ ಆರೋಗ್ಯ ಕಾರ್ಯಕರ್ತರಿಗೆ 50 ಲಕ್ಷ ರೂಪಾಯಿಯ ವಿಮೆ ಘೋಷಿಸಿತು. ಅದೂ ಒಳ್ಳೆಯದೇ. ಆದರೆ ವಿಮೆಯ ಹಣ ಬರುವುದು ಸತ್ತ ಮೇಲೆ. ಬದುಕಿರುವಾಗ ಮಗುವಿಗೆ ಹಾಲು ತಂದುಕೊಡುವವರು ಯಾರು? ಅದೇ 2020ರ ಮೇ ತಿಂಗಳಲ್ಲಿ ಕೋಲ್ಕತ್ತಾದ ಖಾಸಗಿ ಆಸ್ಪತ್ರೆಗಳಿಂದ 300ಕ್ಕೂ ಹೆಚ್ಚು ನರ್ಸುಗಳು ಕೆಲಸ ಬಿಟ್ಟು ಮಣಿಪುರ ಮೊದಲಾದ ತಮ್ಮ ರಾಜ್ಯಗಳಿಗೆ ಹೊರಟುಹೋದರು. ಊರಿನಲ್ಲಿ ತಂದೆತಾಯಿಯ ಆತಂಕ, ಇಲ್ಲಿ ರೋಗ ತರುವವರೆಂದು ನೋಡುವ ಜನ. ಅವರನ್ನು ಬೈಯುವುದು ಸುಲಭ. ನಮ್ಮಲ್ಲಿಯೂ ಡ್ಯೂಟಿ ಮುಗಿಸಿ ಬಂದ ನರ್ಸಿಗೆ ಬಾಡಿಗೆ ಮನೆ ಖಾಲಿ ಮಾಡು ಎಂದವರಿದ್ದರು, ಸಂಜೆ ಬಾಲ್ಕನಿಯಲ್ಲಿ ತಟ್ಟೆ ಬಡಿದವರಲ್ಲಿಯೇ!

ಆದುದರಿಂದ ಸಂಘದವರಿಗೆ ನನ್ನದೊಂದು ಬೇಡಿಕೆ. ನೀವು ಪ್ರತಿವರ್ಷ ವಿದ್ಯಾರ್ಥಿವೇತನ ಕೊಡುತ್ತೀರಿ, ನಿಮ್ಮಿಂದ ಕಲಿತವರು ಆಸ್ಪತ್ರೆ, ಪೊಲೀಸ್, ಅಗ್ನಿಶಾಮಕ ಇಲಾಖೆಗಳಿಗೆ ಸೇರುತ್ತಿದ್ದಾರೆ. ಅಂಥವರ ಮನೆಗಳ ಒಂದು ಪಟ್ಟಿ ಮಾಡಿ. ಯಾರ ಮನೆಯಲ್ಲಿ ಹಾಸಿಗೆ ಹಿಡಿದವರಿದ್ದಾರೆ, ಯಾರದು ತಗ್ಗಿನ ಮನೆ, ಯಾರ ಗಂಡ ಹೊರದೇಶದಲ್ಲಿದ್ದಾರೆ. ಪ್ರತಿ ಮನೆಗೂ ಮಳೆಗಾಲಕ್ಕೆ ಮೊದಲೇ ಒಂದು ಪಕ್ಕದ ಮನೆಯನ್ನು ಗೊತ್ತುಮಾಡಿ. ಇದಕ್ಕೆ ಕಟ್ಟಡ ನಿಧಿ ಬೇಕಾಗಿಲ್ಲ. ಕೆಲಸಕ್ಕೆ ಸೇರುವ ಮಕ್ಕಳೇ, ನೀವು ಸಂಬಳದ ಬಗ್ಗೆ ಕೇಳುವಾಗ ಇದನ್ನೂ ಕೇಳಿ: ಆಪತ್ತಿನಲ್ಲಿ ಮನೆಗೆ ಸುದ್ದಿ ಮುಟ್ಟಿಸುವ ವ್ಯವಸ್ಥೆ ಏನಿದೆ, ಎಷ್ಟು ಗಂಟೆಗೊಮ್ಮೆ ಪಾಳಿ ಬದಲಾಗುತ್ತದೆ, ಅನಿವಾರ್ಯವಾಗಿ ಹೋಗಬೇಕಾದರೆ ಯಾರಿಗೆ ಹೇಳಿ ಹೋಗಬೇಕು? ನೆರೆಯ ನೀರು ಮೊಣಕಾಲಿಗೆ ಬಂದಾಗ ಕೇಳುವ ಪ್ರಶ್ನೆಗಳಲ್ಲ ಇವು.

ನನ್ನನ್ನು ಕೇಳಿದ ಆ ತಾಯಿ ಮೂರನೇ ಸಾಲಿನಲ್ಲಿ ಕುಳಿತಿದ್ದಾರೆ. ಅಮ್ಮಾ, 'ಅಲ್ಲೇ ಇರು' ಎಂದೇ ಹೇಳಿ. ಆದರೆ ಹಾಗೆ ಹೇಳುವ ಧೈರ್ಯ ನಿಮಗೆ ಬರಬೇಕಾದರೆ ಮೊದಲು ಒಂದಿಷ್ಟು ಏರ್ಪಾಡು ಆಗಬೇಕು. ಊಟವಾದ ಮೇಲೆ ನಾವಿಬ್ಬರೂ ಒಂದು ಕಾಗದ ಪೆನ್ನು ಹಿಡಿದು ಕೂರೋಣ. ಮಗಳನ್ನೂ ಕರೆದುಕೊಂಡು ಬನ್ನಿ. ಪಕ್ಕದ ಮನೆಯವರು ಬಂದಿದ್ದರೆ ಅವರನ್ನೂ.